ಮಳೆಗಾಲದಲ್ಲಿ ಬಿಡುವಿರುವ ಕೊಡಗಿನವರಿಗೆ ಯಾವ ಹಳೆ ಹಾಯಿದೋಣಿ?

ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ನನಗೆ ಮೂರು ಕಡೆಯಿಂದ ಫೋನ್ ಬಂತು. ಒಬ್ಬರು ಗೋಣಿಕೊಪ್ಪದ ಹತ್ತಿರ ತೋಟ ಇರುವ ಗಂಡ ಹೆಂಡತಿ, ವಯಸ್ಸು ಐವತ್ತೈದರ ಆಸುಪಾಸು. ಇನ್ನೊಂದು ಸುಂಟಿಕೊಪ್ಪದ ಹುಡುಗ ಹುಡುಗಿ, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಮೂರನೆಯವರು ನನ್ನ ಜೊತೆ ನೌಕಾಪಡೆಯಲ್ಲಿ ಇದ್ದವರು, ಈಗ ಮಡಿಕೇರಿಯಲ್ಲಿದ್ದಾರೆ. ಮೂವರದೂ ಒಂದೇ ಪ್ರಶ್ನೆ: ಸಮುದ್ರ ದಾಟುವಂಥ ಹಳೆ ಹಾಯಿದೋಣಿ ಮಾರಾಟಕ್ಕಿದೆ, ನಾಲ್ಕೈದು ನೋಡಿಟ್ಟಿದ್ದೇವೆ, ಯಾವುದು ತಗೊಳ್ಳುವುದು?

ಮೂವರೂ ಫೋಟೋ ಕಳಿಸಿದರು. ಫೋಟೋದಲ್ಲಿ ಎಲ್ಲ ದೋಣಿಯೂ ಚೆನ್ನಾಗೇ ಕಾಣುತ್ತದೆ. ಆದರೆ ಹಳೆ ಜೀಪ್ ತಗೊಳ್ಳುವಾಗ ನಾವು ಪೇಂಟ್ ನೋಡಿ ದುಡ್ಡು ಕೊಡುವುದಿಲ್ಲ ಅಲ್ವಾ? ಅಡಿಗೆ ನುಸುಳಿ ಚಾಸಿಗೆ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಅಂತ ನೋಡುತ್ತೇವೆ. ಇದನ್ನೂ ಹಾಗೆಯೇ ನೋಡಬೇಕು. ಅದಕ್ಕೂ ಮೊದಲು ನಮ್ಮ ತೋಟದ ಕೆಲಸ ಯಾವಾಗ, ಬಿಡುವು ಯಾವಾಗ ಅಂತ ನೋಡಬೇಕು. ನನ್ನ ಪ್ರಕಾರ ಕೊಡಗಿನವರಿಗೆ ಇದೇ ಮೊದಲ ಮಾನದಂಡ.

ಬಿಡುವು ಯಾವಾಗ, ದೋಣಿ ಎಲ್ಲಿ

ನಮ್ಮಲ್ಲಿ ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರು. ಅದರ ಬೆನ್ನಿಗೇ ರೋಬಸ್ಟಾ. ಕಣದಲ್ಲಿ ಒಣಗಿಸಿ, ಚೀಲ ತುಂಬಿ, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಿ ಉಸಿರು ಬಿಡುವ ಹೊತ್ತಿಗೆ ಮಾರ್ಚ್ ಕೊನೆ. ಅರಬ್ಬಿ ಸಮುದ್ರದಲ್ಲಿ ಹಾಯಿ ಬಿಚ್ಚಲು ಒಳ್ಳೆಯ ಕಾಲವೂ ಸರಿಯಾಗಿ ಅದೇ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ, ಹದವಾದ ಅಲೆ. ನಮಗೆ ಬಿಡುವಾಗುವುದು ಜೂನ್ ಮಳೆ ಹಿಡಿದ ಮೇಲೆ. ಆಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ದೋಣಿ ಹೊರಡಿಸುವ ಮಾತೇ ಇಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ನಿಯಮ ಮೀನಿನ ಸಂತಾನಕ್ಕಾಗಿ ಇರುವುದು ನಿಜ, ಆದರೆ ಆ ತಿಂಗಳಿನ ಕಡಲನ್ನು ಒಮ್ಮೆ ನೋಡಿದರೆ ಬೇರೆ ನಿಯಮವೇ ಬೇಡ ಅನಿಸುತ್ತದೆ.

ಹಾಗಾಗಿ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಡಲು ಸಿಗುತ್ತದೆ, ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ ಮರೀನಾ, ಅಂದರೆ ದೋಣಿ ಕಟ್ಟಿಡುವ ಜಾಗ ಇದೆ, ಅಲ್ಲೇ ಇಟ್ಟುಕೊಳ್ಳೋಣ ಅಂತ ಯೋಚಿಸುವವರು ಒಮ್ಮೆ ನಿಲ್ಲಿ. ತೋಟ ನೀವೇ ನೋಡಿಕೊಳ್ಳುವುದಾದರೆ, ಗಾಳಿ ಇರುವಾಗ ನೀವು ಕಣದಲ್ಲಿರುತ್ತೀರಿ, ನೀವು ಬರುವಾಗ ದೋಣಿ ಮಳೆಯಲ್ಲಿ ಕಟ್ಟಿಕೊಂಡಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಯಿಗೆ ಒಳ್ಳೆಯ ಕಾಲ ಇರುವುದು ಎರಡು ಕಡೆ. ಒಂದು ಇಂಡೋನೇಷ್ಯಾ. ಅಲ್ಲಿ ಆಗ ಆಗ್ನೇಯದ ಗಾಳಿ, ಒಣ ಹವೆ. ದೋಣಿಯನ್ನು ಮಲೇಷ್ಯಾದ ಲಂಗ್ಕಾವಿಯಲ್ಲಿ ಇಟ್ಟರೆ ಅಲ್ಲಿಗೆ ಇಳಿಯಬಹುದು. ದಾರಿಯಲ್ಲಿ ಮಲಾಕ್ಕಾ ಜಲಸಂಧಿ ಸಿಗುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ರಾತ್ರಿ ಹೊತ್ತು ‘ಸುಮಾತ್ರಾ’ ಅನ್ನುವ ದಿಢೀರ್ ಬಿರುಗಾಳಿ ಏಳುತ್ತದೆ, ಆ ಎಚ್ಚರ ಬೇಕು. ಇನ್ನೊಂದು ಮೆಡಿಟರೇನಿಯನ್, ಅಲ್ಲಿ ಆಗ ಬೇಸಿಗೆ. ಗ್ರೀಸ್‌ನಲ್ಲಿ ಇಟ್ಟರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಲೆಕ್ಕ, 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಟರ್ಕಿ ಆ ಲೆಕ್ಕಕ್ಕೆ ಬರುವುದಿಲ್ಲ.

ಉಳಿದ ಮಾನದಂಡಗಳನ್ನು ಬೇಗ ಹೇಳಿಬಿಡುತ್ತೇನೆ. ಎಷ್ಟು ಜನ ಕೆಲಸ ಮಾಡುತ್ತೀರಿ? ಹತ್ತು ಜನ ಮಲಗಬಹುದಾದ ದೋಣಿಯಲ್ಲೂ ರಾತ್ರಿ ಕಾವಲಿಗೆ ಕೂರುವವರು ಇಬ್ಬರೇ ಇರಬಹುದು. ದೋಣಿ ವರ್ಷದಲ್ಲಿ ಎಷ್ಟು ತಿಂಗಳು ಒಂಟಿಯಾಗಿರುತ್ತದೆ? ಅದರ ಒಳಮೈ ಕೈಗೆ ಸಿಗುತ್ತದೆಯಾ, ಬಿಚ್ಚಿ ನೋಡಬಹುದಾ? ಕೊನೆಯದು, ಕೊಂಡ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ನಾನು ಹೇಳುವ ಲೆಕ್ಕ: ಕೈಯಲ್ಲಿ ನೂರು ಇದ್ದರೆ ದೋಣಿಗೆ ಅರವತ್ತು, ಮೊದಲ ವರ್ಷದ ರಿಪೇರಿಗೆ ಮೂವತ್ತು, ಹತ್ತು ಮುಟ್ಟದೆ ಇಡಿ. ಹಾಯಿಕಂಬ ಎಳೆದು ಹಿಡಿಯುವ ಸ್ಟೀಲ್ ತಂತಿಗಳನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಎಂಜಿನ್ ಹೊಸದು ಕೂರಿಸಿದರೆ ಹತ್ತು ಲಕ್ಷ ದಾಟುತ್ತದೆ.

ಸಣ್ಣದು, ಭಾರದ್ದು, ಉದ್ದ ಕೀಲಿನದು

ನನ್ನ ಮನಸ್ಸು ಇರುವುದು ಇಲ್ಲಿ, ಮೊದಲೇ ಹೇಳಿಬಿಡುತ್ತೇನೆ. ರಸ್ಲರ್ 36, ವೆಸ್ಟ್‌ಸೇಲ್ 32 ಎಂಬ ದೋಣಿಗಳು ಈ ಜಾತಿಯವು. ದೋಣಿಯ ಅಡಿಯಲ್ಲಿ ಕೀಲ್, ಅಂದರೆ ಮಗುಚದ ಹಾಗೆ ಹಿಡಿಯುವ ಭಾರದ ಭಾಗ, ಬೆನ್ನುಮೂಳೆಯ ಹಾಗೆ ಉದ್ದಕ್ಕೂ ಹೋಗಿರುತ್ತದೆ, ಅದರ ತುದಿಗೇ ಚುಕ್ಕಾಣಿ ಸೇರಿಕೊಂಡಿರುತ್ತದೆ. ತೇಲುವ ಮರದ ದಿಮ್ಮಿಗೋ ಮೀನಿನ ಬಲೆಗೋ ತಗುಲಿದರೂ ಚುಕ್ಕಾಣಿ ಕಿತ್ತು ಹೋಗುವ ಭಯ ಕಡಿಮೆ. ವೆಸ್ಟ್‌ಸೇಲ್‌ನಲ್ಲಿ ಕೀಲಿನ ಭಾರ ದೋಣಿಯ ಮೈಯೊಳಗೇ ತುಂಬಿರುತ್ತದೆ, ಬೋಲ್ಟ್ ಹಾಕಿ ತೂಗುಬಿಟ್ಟಿರುವುದಿಲ್ಲ.

ಗೋಲ್ಡನ್ ಗ್ಲೋಬ್ ರೇಸ್ ಅಂತ ಒಂದು ಇದೆ. ಒಬ್ಬರೇ, ಎಲ್ಲೂ ನಿಲ್ಲದೆ, ಹಳೆ ಕಾಲದ ಸಲಕರಣೆಯಲ್ಲೇ ಭೂಮಿ ಸುತ್ತಬೇಕು. ಅದರ ನಿಯಮದಲ್ಲಿ ದೋಣಿ 32ರಿಂದ 36 ಅಡಿ ಇರಬೇಕು, 1988ಕ್ಕಿಂತ ಮೊದಲಿನ ವಿನ್ಯಾಸ ಆಗಿರಬೇಕು, ಉದ್ದ ಕೀಲ್ ಇರಬೇಕು. 2018ರ ರೇಸ್ ಗೆದ್ದದ್ದು ರಸ್ಲರ್ 36. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2023ರಲ್ಲಿ ಎರಡನೆಯವರಾಗಿ ಮುಗಿಸಿದ್ದೂ ರಸ್ಲರ್ 36ರಲ್ಲೇ. ವೆಸ್ಟ್‌ಸೇಲ್ 32ರ ಕಥೆ ಇನ್ನೊಂದು. 1991ರ ಅಕ್ಟೋಬರ್ ಕೊನೆಯಲ್ಲಿ ಅಟ್ಲಾಂಟಿಕ್‌ನಲ್ಲಿ ದೊಡ್ಡ ಬಿರುಗಾಳಿ ಎದ್ದಾಗ ‘ಸಟೋರಿ’ ಎಂಬ ವೆಸ್ಟ್‌ಸೇಲ್‌ನಲ್ಲಿದ್ದವರನ್ನು ಅಮೆರಿಕದ ಕೋಸ್ಟ್ ಗಾರ್ಡ್ ಎತ್ತಿಕೊಂಡಿತು. ದೋಣಿಯನ್ನು ಅಲ್ಲೇ ಬಿಟ್ಟರು. ಆಮೇಲೆ ಅದು ತಾನಾಗಿಯೇ ತೇಲಿಕೊಂಡು ಹೋಗಿ ದಡದ ಮರಳಿನಲ್ಲಿ ಕೂತಿತ್ತು, ಹೆಚ್ಚು ಪೆಟ್ಟಾಗದೆ.

ವೆಸ್ಟ್‌ಸೇಲ್‌ನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಹಾಯಿಕಂಬದ ತಂತಿಗಳು ಬಂದು ಸೇರುವ ಲೋಹದ ಪಟ್ಟಿಗಳು ಅದರಲ್ಲಿ ಹೊರಮೈಗೇ ಇವೆ. ನಿಂತು ಕಣ್ಣಿನಿಂದ ನೋಡಬಹುದು. ಹೆಚ್ಚಿನ ದೋಣಿಗಳಲ್ಲಿ ಆ ಪಟ್ಟಿ ಡೆಕ್, ಅಂದರೆ ದೋಣಿಯ ಮೇಲ್ಹಾಸು, ತೂರಿ ಒಳಗೆ ಬೀರುವಿನ ಹಿಂದೆ ಎಲ್ಲೋ ಅಡಗಿರುತ್ತದೆ. ನೀರು ಇಳಿದು ಅದು ಒಳಗೊಳಗೇ ಸವೆಯುತ್ತದೆ.

ತೊಂದರೆಯೂ ಇದೆ. ನಿಧಾನ. ವೆಸ್ಟ್‌ಸೇಲ್ ಸುಮಾರು 9 ಟನ್ ಭಾರ. ದಿನಕ್ಕೆ 110 ನಾಟಿಕಲ್ ಮೈಲಿ ಹೋದರೆ ಚೆನ್ನಾಗಿ ಹೋಯಿತು ಅಂತ ಲೆಕ್ಕ. ಥಾಯ್ಲೆಂಡಿನ ಫುಕೆಟ್‌ನಿಂದ ಶ್ರೀಲಂಕಾದ ಗಾಲೆಗೆ ಸುಮಾರು 1,100 ಮೈಲಿ, ಅಂದರೆ ಹತ್ತು ದಿನ. ಹೊಸ ಕಾಲದ 40 ಅಡಿಯದು ಅದನ್ನು ಏಳೆಂಟು ದಿನದಲ್ಲಿ ಮುಗಿಸುತ್ತದೆ. ಮರೀನಾದಲ್ಲಿ ಹಿಂದಕ್ಕೆ ತಿರುಗಿಸುವುದೂ ಕಷ್ಟ, ಲೋಡ್ ಲಾರಿಯನ್ನು ಮಣ್ಣಿನ ರಸ್ತೆಯಲ್ಲಿ ರಿವರ್ಸ್ ತೆಗೆದ ಹಾಗೆ. ಒಳಗೆ ಜಾಗವೂ ಕಡಿಮೆ. ಇಬ್ಬರಿಗೆ ಸರಿ, ಮಕ್ಕಳು ದೊಡ್ಡವರಾಗಿದ್ದರೆ ಇಕ್ಕಟ್ಟು.

ಬೆಲೆ ನೋಡಿದರೆ ವೆಸ್ಟ್‌ಸೇಲ್ ಸುಮಾರು 30ರಿಂದ 50 ಸಾವಿರ ಡಾಲರ್ ಒಳಗೆ ಸಿಗುತ್ತದೆ. ಅದರಲ್ಲಿ ಕೆಲವನ್ನು ಕಂಪನಿ ಬರೀ ಚಿಪ್ಪಿನಂತೆ ಮಾರಿತ್ತು, ಒಳಗಿನ ಕೆಲಸ ಕೊಂಡವರೇ ಮಾಡಿಕೊಂಡಿದ್ದರು. ಮರಗೆಲಸ, ವೈರಿಂಗ್ ಯಾರ ಕೈಯಲ್ಲಿ ಆಗಿದೆ ಅಂತ ಕೇಳಲೇಬೇಕು. ರಸ್ಲರ್ ಅದಕ್ಕಿಂತ ಜಾಸ್ತಿ ಬೆಲೆ, ಆದರೆ ಗಾಳಿಗೆ ಎದುರಾಗಿ ಏರುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ತಯಾನಾ 37: ಮರದ ಚೆಲುವು, ಡೆಕ್ಕಿನ ಭಯ

ಗೋಣಿಕೊಪ್ಪದ ದಂಪತಿ ಮನಸ್ಸು ಕೊಟ್ಟಿರುವುದು ಇದಕ್ಕೆ. ಯಾಕೆ ಅಂತ ಅರ್ಥವಾಗುತ್ತದೆ. ರಾಬರ್ಟ್ ಪೆರಿ ವಿನ್ಯಾಸ, ತೈವಾನ್‌ನಲ್ಲಿ 1976ರಿಂದ ತಯಾರಾದದ್ದು. ಒಳಗೆ ಹೋದರೆ ತೇಗದ ಕೆತ್ತನೆ, ನಮ್ಮ ಐನ್‌ಮನೆಯ ಪಡಸಾಲೆಗೆ ಬಂದ ಹಾಗಾಗುತ್ತದೆ. ಸುಮಾರು 10 ಟನ್ ಭಾರ, ಅಲೆಯಲ್ಲಿ ಮೆತ್ತಗೆ ಹೋಗುತ್ತದೆ. ಬೆಲೆ ಹೆಚ್ಚಾಗಿ 50ರಿಂದ 90 ಸಾವಿರ ಡಾಲರ್.

ಆದರೆ ಹಳೆಯವುಗಳಲ್ಲಿ ಡೆಕ್ ಮೇಲೆ ತೇಗದ ಪಟ್ಟಿ ಹೊದಿಸಿ ಸ್ಕ್ರೂ ಹೊಡೆದಿರುತ್ತಾರೆ. ಒಂದೆರಡಲ್ಲ, ಲೆಕ್ಕವಿಲ್ಲದಷ್ಟು ಸ್ಕ್ರೂ. ಒಂದೊಂದೂ ಡೆಕ್‌ಗೆ ಹೊಡೆದ ಒಂದು ತೂತು. ಡೆಕ್ ಅಂದರೆ ಮೇಲೆ ಕೆಳಗೆ ಫೈಬರ್, ನಡುವೆ ಮರ. ನೀರು ಹೋದರೆ ನಡುವಿನ ಮರ ಕೊಳೆಯುತ್ತದೆ, ಮೇಲಿಂದ ಏನೂ ಗೊತ್ತಾಗುವುದಿಲ್ಲ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ನೋಡಿದ್ದೀರಲ್ಲ? ಮೊದಮೊದಲು ಎಲೆ ಹಸಿರಾಗೇ ಇರುತ್ತದೆ, ಮುರಿದು ನೋಡಿದರೆ ಒಳಗೆಲ್ಲ ಪುಡಿ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೆಲವು ವರ್ಷದ ಹಿಂದೆ ಸ್ನೇಹಿತರೊಬ್ಬರ ಜೊತೆ ಲಂಗ್ಕಾವಿಗೆ ಹೋಗಿ ಇಂಥದ್ದೇ ತೇಗದ ಡೆಕ್ಕಿನ ದೋಣಿ ನೋಡಿದೆವು. ಮಾರುವವರು ಡೆಕ್ ಉಜ್ಜಿ, ಎಣ್ಣೆ ಹಚ್ಚಿ, ಹೊಂಬಣ್ಣ ಬರಿಸಿಟ್ಟಿದ್ದರು. ಅವತ್ತೇ ಮುಂಗಡ ಕೊಟ್ಟೆವು. ಮಾರನೇ ದಿನ ದೋಣಿ ಪರೀಕ್ಷೆ ಮಾಡುವ ಸರ್ವೇಯರ್ ಬಂದರು. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಸುತ್ತಿಗೆ. ಮಂಡಿಯೂರಿ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ, ಗೇಣಿಗೊಂದು ಸಲ ತಟ್ಟುತ್ತಾ ಬಂದರು. ಟಕ್, ಟಕ್, ಟಕ್. ಹಾಯಿಕಂಬದ ಹತ್ತಿರ ಬಂದಾಗ ಸದ್ದು ಬದಲಾಯಿತು. ಡಬ್, ಡಬ್. ಅಲ್ಲಿ ಒಂದು ಮರದ ಬಿರಡೆ ಎಬ್ಬಿಸಿ ಅಡಿಯ ಸ್ಕ್ರೂ ಬಿಚ್ಚಿದರು. ಸ್ಕ್ರೂ ಜೊತೆ ಕಂದು ನೀರು ಉಕ್ಕಿ ಅವರ ಬೆರಳ ಮೇಲೆ ಹರಿಯಿತು. ಕೊಳೆತ ಕಾಫಿ ಪಲ್ಪಿನ ವಾಸನೆ. ಸ್ಕ್ರೂವಿನ ಕುತ್ತಿಗೆ ಸೂಜಿಯಷ್ಟು ತೆಳ್ಳಗಾಗಿತ್ತು. ಯಾರೂ ಮಾತಾಡಲಿಲ್ಲ. ಡೆಕ್ ರಿಪೇರಿಯ ಅಂದಾಜು ದೋಣಿಯ ಬೆಲೆಯ ಅರ್ಧಕ್ಕೆ ಬಂತು. ಸರ್ವೇ ಸರಿ ಬಂದರೆ ಮಾತ್ರ ವ್ಯಾಪಾರ ಅಂತ ಕಾಗದದಲ್ಲಿ ಬರೆಸಿಕೊಂಡಿರಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಸಿಕ್ಕಿತು.

ಹಾಗಾಗಿ ತಯಾನಾ ಬೇಕು ಅಂದರೆ ತೇಗದ ಪಟ್ಟಿ ಆಗಲೇ ಕಿತ್ತು ಫೈಬರ್ ಹಾಕಿಸಿರುವುದನ್ನು ಹುಡುಕಿ, ಹತ್ತು ಸಾವಿರ ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ. ಹಳೆಯವುಗಳಲ್ಲಿ ಡೀಸೆಲ್ ಟ್ಯಾಂಕ್ ಕಬ್ಬಿಣದ್ದು, ತುಕ್ಕು ಹಿಡಿದಿದೆಯಾ ನೋಡಿ. ಸರ್ವೇಯರ್ ಹತ್ತಿರ ತೇವ ಅಳೆಯುವ ಮೀಟರ್ ಇರುತ್ತದೆ. ಪಾರ್ಚ್‌ಮೆಂಟ್ ಒಣಗಿದೆಯಾ ಅಂತ ನಾವು ಕಣದಲ್ಲಿ ಮೀಟರ್ ಹಾಕುವುದಿಲ್ಲವೇ, ಅದರ ಅಣ್ಣ. ಅಂಕಿ ಬರೆದುಕೊಳ್ಳುವಾಗ ಪಕ್ಕದಲ್ಲಿ ನಿಂತಿರಿ.

ಹೊಸ ಕಾಲದ ನಲವತ್ತು ಅಡಿ

ಸುಂಟಿಕೊಪ್ಪದ ಹುಡುಗ ಕಳಿಸಿದ್ದು ಗ್ರೀಸ್‌ನಲ್ಲಿ ಬಾಡಿಗೆಗೆ ಓಡುತ್ತಿದ್ದ ಬೆನೆಟೋ ಕಂಪನಿಯ ದೋಣಿ. ಜಾನೋ, ಬವೇರಿಯಾ ಕೂಡ ಇದೇ ಸಾಲಿನವು. ದುಡ್ಡಿಗೆ ಸಿಗುವ ಜಾಗ ನೋಡಿದರೆ ಇವನ್ನು ಮೀರಿಸುವುದು ಯಾವುದೂ ಇಲ್ಲ. ಮೂರು ಕೋಣೆ, ಎರಡು ಬಚ್ಚಲು, ಬೆಳಕು, ಗಾಳಿ. ಓಟವೂ ಚೆನ್ನ. “ಅಂಕಲ್, ಪೇಪರ್‌ನಲ್ಲಿ ‘ಎ’ ವರ್ಗ, ಸಾಗರಕ್ಕೆ ಅಂತಲೇ ಬರೆದಿದೆ” ಎಂದ. ನಿಜ. 1998ರಿಂದ ಯುರೋಪಿನಲ್ಲಿ ಮಾರುವ ದೋಣಿಗೆ ಎ, ಬಿ, ಸಿ, ಡಿ ಅಂತ ಯಾವುದಾದರೊಂದು ವರ್ಗ ನಮೂದಿಸುವುದು ಕಡ್ಡಾಯ. ಅದು ಹೊಸದಾಗಿ ಹೊರಬಿದ್ದ ದಿನದ ಮಾತು. ಹದಿನೈದು ಬೇಸಿಗೆ ವಾರಕ್ಕೊಬ್ಬ ಬಾಡಿಗೆದಾರ ಓಡಿಸಿದ ಮೇಲಿನ ಮಾತಲ್ಲ.

ಇಲ್ಲಿ ಕೀಲ್ ಒಂದು ರೆಕ್ಕೆಯ ಹಾಗೆ ಕೆಳಗೆ ಬೋಲ್ಟ್‌ನಲ್ಲಿ ತೂಗುತ್ತದೆ. ಒಳಗಿನ ಬಲಪಟ್ಟಿಯನ್ನು ದೋಣಿಯ ಮೈಗೆ ಅಂಟಿನಿಂದ ಕೂರಿಸಿರುತ್ತಾರೆ. ಬಂಡೆಗೆ ತಾಗಿದರೆ ಆ ಅಂಟು ಒಳಗೇ ಬಿಟ್ಟುಕೊಳ್ಳಬಹುದು. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ಬೆನೆಟೋ ಫಸ್ಟ್ 40.7 ಅಟ್ಲಾಂಟಿಕ್ ಮಧ್ಯದಲ್ಲಿ ಕೀಲ್ ಕಳಚಿ ಮಗುಚಿತು, ನಾಲ್ವರು ಜೀವ ಕಳೆದುಕೊಂಡರು. ಹಿಂದೆ ನೆಲಕ್ಕೆ ತಾಗಿದ್ದರ ಪೆಟ್ಟು, ಬಿಟ್ಟುಕೊಂಡ ಅಂಟು, ಇವನ್ನು ಬ್ರಿಟನ್ನಿನ ತನಿಖೆ ಎತ್ತಿ ತೋರಿಸಿತು. ಈ ಜಾತಿಯ ದೋಣಿ ಬೇಡ ಅಂತ ನಾನು ಹೇಳುವುದಿಲ್ಲ, ಸಾಗರ ದಾಟಿ ಬಂದವು ಬೇಕಾದಷ್ಟು ಇವೆ. ಆದರೆ ಕೀಲಿನ ಬುಡ ಪರೀಕ್ಷೆ ಮಾಡಿಸದೆ ದಡ ಕಾಣದ ನೀರಿಗೆ ಒಯ್ಯಬೇಡಿ. ನಾಲ್ಕೈದು ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ದ್ವೀಪದಿಂದ ದ್ವೀಪಕ್ಕೆ ಸುತ್ತುವುದಾದರೆ, ಮಕ್ಕಳು ಜೊತೆಗಿದ್ದರೆ, ಇದಕ್ಕಿಂತ ಒಳ್ಳೆಯದು ಇಲ್ಲ.

ಸ್ಟೀಲ್, ಅಮೆಲ್, ಜೋಡಿದೋಣಿ

ಸ್ಟೀಲಿನದು ಗಟ್ಟಿ. ಫ್ರೆಂಚ್ ನಾವಿಕ ಬೆರ್ನಾರ್ ಮೊಯ್ತೆಸಿಯೇ 1968-69ರಲ್ಲಿ ದಕ್ಷಿಣ ಸಾಗರ ಸುತ್ತಿದ ‘ಜೋಶುವಾ’ ಸ್ಟೀಲಿನದೇ. ವೆಲ್ಡಿಂಗ್ ಎಲ್ಲ ಊರಿನಲ್ಲೂ ಸಿಗುತ್ತದೆ. ಆದರೆ ಸ್ಟೀಲ್ ದೋಣಿ ತುಕ್ಕು ಹಿಡಿಯುವುದು ಒಳಗಿನಿಂದ. ನೀರು ನಿಲ್ಲುವ ಮೂಲೆ, ಹಾಸಿನ ಅಡಿ, ಟ್ಯಾಂಕಿನ ಹಿಂದೆ. ವರ್ಷದಲ್ಲಿ ಎಂಟು ತಿಂಗಳು ಬಾಗಿಲು ಹಾಕಿಟ್ಟು ಬರುವ ನಮ್ಮಂಥವರಿಗೆ ಇದು ಹೊಂದುವುದಿಲ್ಲ. ಅದರಲ್ಲೇ ವಾಸ ಮಾಡಿ ದಿನಾ ಕೆರೆದು ಬಣ್ಣ ಹಚ್ಚುವವರಿಗೆ ಸರಿ.

ಮಡಿಕೇರಿಯ ಸ್ನೇಹಿತರ ಕಣ್ಣು ಅಮೆಲ್ ಸೂಪರ್ ಮರಾಮು ಮೇಲೆ. ಫ್ರಾನ್ಸಿನ ಲಾ ರೋಶೆಲ್‌ನಲ್ಲಿ 1989ರಿಂದ 2005ರವರೆಗೆ ತಯಾರಾದದ್ದು, 16 ಮೀಟರ್ ಉದ್ದ, ಎರಡು ಹಾಯಿಕಂಬ. ಇಷ್ಟು ದೊಡ್ಡದನ್ನು ಇಬ್ಬರೇ ನಡೆಸಲಿ ಅಂತಲೇ ಮಾಡಿದ್ದು. ಗುಂಡಿ ಒತ್ತಿದರೆ ಹಾಯಿ ಸುತ್ತಿಕೊಳ್ಳುತ್ತದೆ. ಒಂದು ಕಡೆ ನೀರು ನುಗ್ಗಿದರೂ ಉಳಿದ ಭಾಗ ತಡೆಯುವ ಗೋಡೆಗಳಿವೆ. ಅರವತ್ತು ದಾಟಿದವರಿಗೆ, ಬೆನ್ನು ನೋವಿರುವವರಿಗೆ ಇದು ದೊಡ್ಡ ಸಮಾಧಾನ. ಬೆಲೆ ಸುಮಾರು ಒಂದೂವರೆಯಿಂದ ಎರಡೂವರೆ ಲಕ್ಷ ಡಾಲರ್, ಅದರ ಮೇಲೆ ಖರ್ಚು ನಿಲ್ಲುವುದೇ ಇಲ್ಲ. ಪ್ರತಿ ಮೋಟರ್‌ಗೂ ವಯಸ್ಸಾಗಿದೆ. ಬಳಸದೆ ಬಿಟ್ಟಷ್ಟೂ ಬೇಗ ಕೆಡುತ್ತವೆ. ತೋಟ ಮಕ್ಕಳಿಗೆ ಒಪ್ಪಿಸಿ ವರ್ಷಕ್ಕೆ ಆರು ತಿಂಗಳಾದರೂ ದೋಣಿಯಲ್ಲೇ ಇರುವವರು ನೋಡಿ. ನನ್ನ ಸ್ನೇಹಿತರ ಸ್ಥಿತಿ ಹಾಗೇ ಇದೆ, ಅವರಿಗೆ ನಾನು ಹೂಂ ಅಂದೆ.

ಕ್ಯಾಟಮರಾನ್, ಅಂದರೆ ಜೋಡಿದೋಣಿ, ಲಂಗರು ಹಾಕಿ ನಿಂತಾಗ ಅಲುಗುವುದಿಲ್ಲ, ಜಾಗ ಧಾರಾಳ. ಬೆಲೆ ಒಂಟಿಮೈಯದಕ್ಕಿಂತ ಬಹಳ ಜಾಸ್ತಿ, ಮರೀನಾ ಬಾಡಿಗೆಯೂ ಹಾಗೆಯೇ. ನನ್ನ ಅನುಭವ ಅದರಲ್ಲಿ ಕಡಿಮೆ, ಇಷ್ಟಕ್ಕೇ ಬಿಡುತ್ತೇನೆ.

ದುಡ್ಡು ಕಳಿಸುವ ಮೊದಲು

ಹೊರದೇಶದಲ್ಲಿ ಕೊಂಡು ಇಲ್ಲಿಗೆ ತಂದುಬಿಡೋಣ ಅಂತ ಮೂವರೂ ಕೇಳಿದರು. 2025ರ ಸೆಪ್ಟೆಂಬರ್ 22ರಿಂದ ವಿಹಾರದ ದೋಣಿಗಳಿಗೆ ಜಿಎಸ್‌ಟಿಯೇ ಶೇ 40. ಅದಲ್ಲದೆ ಕಸ್ಟಮ್ಸ್ ಸುಂಕ ಬೇರೆ. ಅಂದರೆ ನಲವತ್ತು ಲಕ್ಷದ ದೋಣಿಗೆ ಇನ್ನೊಂದು ಸಣ್ಣ ದೋಣಿಯ ದುಡ್ಡು ತೆರಿಗೆಗೇ ಹೋಗುತ್ತದೆ. ನಮ್ಮ ಬಿಡುವಿನ ಕಾಲಕ್ಕೆ ಇಲ್ಲಿನ ಕಡಲು ಒದಗುವುದೂ ಇಲ್ಲ. ಅಲ್ಲೇ ಇಡಿ. ದುಡ್ಡು ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಆಮೇಲೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಆವತ್ತು ಕೈಯಿಂದ ಹೋಗುತ್ತದೆ. ಆ ಮೊತ್ತವನ್ನು ರಿಪೇರಿಯ ದುಡ್ಡಿನಿಂದ ತೆಗೆಯಬೇಡಿ.

ಜಾಹೀರಾತಿನಲ್ಲಿ ಸಲಕರಣೆಯ ಪಟ್ಟಿ ಉದ್ದ ಇರುತ್ತದೆ. ಹತ್ತು ವರ್ಷದ ಹಳೆ ರಾಡಾರ್, ಪರದೆಗಳಿಗೆ ಸೊನ್ನೆ ಬೆಲೆ ಹಾಕಿ. ಬೆಲೆ ಕೊಡಬೇಕಾದದ್ದು ಗಾಳಿಯ ಬಲದಲ್ಲೇ ಚುಕ್ಕಾಣಿ ಹಿಡಿಯುವ ವಿಂಡ್‌ವೇನ್‌ಗೆ, ಒಳ್ಳೆಯ ಲಂಗರಿಗೆ, ಹೊಸ ತಂತಿಗಳಿಗೆ. ದೋಣಿಯನ್ನು ನೀರಿನಿಂದ ಎತ್ತಿಸಿಯೇ ನೋಡಿ. ಅಡಿಗೆ ಹಚ್ಚುವ ಬಣ್ಣದಲ್ಲಿ ಇರುವುದು ತಾಮ್ರ, ಪಾಚಿ ಚಿಪ್ಪು ಹತ್ತದಿರಲಿ ಅಂತ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕಲಸುವ ನಮಗೆ ಅದರ ಗುಣ ಹೇಳಿಕೊಡಬೇಕಾಗಿಲ್ಲ. ಆ ಬಣ್ಣ ದಪ್ಪಗೆ ಹೊಸದಾಗಿ ಬಳಿದಿದ್ದರೆ, ಅಡಿಯ ಗುಳ್ಳೆ ಮುಚ್ಚಲು ಬಳಿದರಾ ಅಂತ ಕೇಳಿ, ಒಂದು ಕಡೆ ಕೆರೆದು ನೋಡಲು ಒಪ್ಪಿಗೆ ತಗೊಳ್ಳಿ.

ಗೋಣಿಕೊಪ್ಪದವರು ಈಗ ರಸ್ಲರ್ ಒಂದನ್ನೂ ಡೆಕ್ ಬದಲಿಸಿದ ತಯಾನಾ ಒಂದನ್ನೂ ಉಳಿಸಿಕೊಂಡಿದ್ದಾರೆ. ಎರಡರಲ್ಲಿ ಯಾವುದು ಅಂತ ನಾನು ಹೇಳಲಿಲ್ಲ. ಜುಲೈಯಲ್ಲಿ ಹೋಗಿ, ಮಾರುವವರನ್ನು ಕೇಳಿಕೊಂಡು ಎರಡರಲ್ಲೂ ಒಂದೊಂದು ರಾತ್ರಿ ಮಲಗಿ ಅಂದೆ, ಮಳೆ ಬರುವ ರಾತ್ರಿ ಆದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಎದ್ದು ಹಾಸಿಗೆಯ ಮೂಲೆ ಮುಟ್ಟಿ ನೋಡಿ. ಆ ಮೇಲೆ ಅಕ್ಕ ಒಬ್ಬರೇ, ಅಣ್ಣ ಕೈ ಹಾಕದೆ, ಲಂಗರು ಎತ್ತಿ ದೊಡ್ಡ ಹಾಯಿ ಏರಿಸಲಿ. ಯಾವುದರಲ್ಲಿ ಅದು ಸಲೀಸಾಗಿ ಆಯಿತೋ ಅದರ ಸರ್ವೇಗೆ ದುಡ್ಡು ಕಟ್ಟಿ.